ಸಾಫ್ಟ್ ಆಗಿದ್ದು ಲೆನ್ಸೋ, ಗಾಳಿಯೋ?

(ಹವ್ಯಾಸಿ ಫೋಟೊಗ್ರಾಫರುಗಳ ಭಾನುವಾರದ ಭೇಟಿಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಮೊದಲು ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಒಂದು 150-600 ಎಂಎಂ ಲೆನ್ಸ್ ಇತ್ತು, ದೂರದ್ದನ್ನು ಹತ್ತಿರ ತೋರಿಸುವ ಜೂಮ್. ಗೆಳೆಯನೊಬ್ಬ 200-500 ತಗೊಂಡ. ಯಾವುದು ಜಾಸ್ತಿ ಶಾರ್ಪ್ (ಗೆರೆ ಗೆರೆ ಸ್ಪಷ್ಟ), ಯಾವುದು ಸಾಫ್ಟ್ (ಮಸುಕು) ಅಂತ ಇಬ್ಬರಿಗೂ ಜಿದ್ದು ಬಿತ್ತು. ನಮ್ಮ ಮನೆ ತಾರಸಿ ಮೇಲೆ ಟ್ರೈಪಾಡ್ ಹೂಡಿದೆವು. ಸುಮಾರು ಮುನ್ನೂರು ಮೀಟರ್ ಆಚೆ ಒಂದು ನೀರಿನ ಟ್ಯಾಂಕು, ಅದರ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳು. ಬೆಳಿಗ್ಗೆ ಏಳಕ್ಕೆ ನನ್ನ ಲೆನ್ಸಿನ ಸರದಿ. ಆಮೇಲೆ ಕೆಳಗಿಳಿದು ದೋಸೆ ತಿಂದು, ಎರಡೆರಡು ಸಲ ಕಾಫಿ ಕುಡಿದು, ಹತ್ತು ಗಂಟೆಗೆ ಮತ್ತೆ ಮೇಲೆ ಹತ್ತಿದೆವು. ಅದೇ ಟ್ರೈಪಾಡು, ಅದೇ ಕ್ಯಾಮೆರಾ, ಅವನ ಲೆನ್ಸು.

ನನ್ನದು ಗೆದ್ದಿತು. ಸಣ್ಣ ಅಂತರದಲ್ಲಿ ಅಲ್ಲ, ಅವನ ಮುಖ ಬಾಡಿಹೋಗುವಷ್ಟು. ಅವನೂ ಬಿಡುವ ಪೈಕಿ ಅಲ್ಲ. ಮುಂದಿನ ಭಾನುವಾರ ಮತ್ತೆ ಬಂದ. "ಈ ಸಲ ನನ್ನದು ಮೊದಲು ಕಣೋ" ಅಂದ. ಆಯಿತು, ಅವನದನ್ನು ಏಳಕ್ಕೆ ತೆಗೆದೆವು. ದೋಸೆ ಆಯಿತು, ಹತ್ತಕ್ಕೆ ನನ್ನದು. ಅವನದು ಗೆದ್ದಿತು, ಅಷ್ಟೇ ದೊಡ್ಡ ಅಂತರದಲ್ಲಿ. ದೋಸೆಗೆ ಮೊದಲು ಕೂತ ಲೆನ್ಸು ಗೆಲ್ಲುತ್ತದೆ ಅನ್ನುವುದು ಎರಡು ಭಾನುವಾರಗಳ ನಮ್ಮ ಸಂಶೋಧನೆ.

ನೀವು ನಗುತ್ತಿದ್ದೀರಿ. ಆದರೆ ಮೊದಲನೇ ಭಾನುವಾರ ಮಾತ್ರ ಮಾಡಿ ನಿಲ್ಲಿಸಿದ್ದರೆ? ಅವನು ಆ ಲೆನ್ಸನ್ನು ಮಾರಿಬಿಡುತ್ತಿದ್ದ. ಹಾಗೆ ಮಾರಿದವರು ಇಲ್ಲೂ ಇಬ್ಬರು ಮೂವರು ಇರಬಹುದು. ಕೈ ಎತ್ತಬೇಡಿ, ಬೇಡ.

ದೂರದ್ದನ್ನು ತೆಗೆಯುವುದು ಅಂದರೆ ನಾವು ಏನು ಕೇಳುತ್ತಿದ್ದೇವೆ, ಸ್ವಲ್ಪ ಲೆಕ್ಕ ಹಾಕೋಣ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳಿ. ಸೆನ್ಸರ್, ಅಂದರೆ ಒಳಗೆ ಚಿತ್ರ ಬೀಳುವ ಫಲಕ, 36 ಎಂಎಂ ಅಗಲ, ಅದರಲ್ಲಿ ಸಾಲಾಗಿ ಆರು ಸಾವಿರ ಪಿಕ್ಸೆಲ್. ಒಂದೊಂದು ಪಿಕ್ಸೆಲ್ ಆರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು). ಮುಂದೆ 600 ಎಂಎಂ ಲೆನ್ಸ್ ಹಾಕಿದರೆ, ನೂರು ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಮಿಲಿಮೀಟರ್ ಸಿಗುತ್ತದೆ. ನೆನಪಿಟ್ಟುಕೊಳ್ಳಲು ಸುಲಭ. ನೂರು ಮೀಟರ್‌ಗೆ ಒಂದು ಮಿಲಿಮೀಟರ್, ಒಂದು ಕಿಲೋಮೀಟರ್‌ಗೆ ಒಂದು ಸೆಂಟಿಮೀಟರ್.

ಈಗ ನಮ್ಮ ಮಿಂಚುಳ್ಳಿ, ಬಿಳಿ ಎದೆಯದು, ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂಟಿಮೀಟರ್. ನೂರು ಮೀಟರ್ ಆಚೆ ಕೂತಿದ್ದರೆ ನಿಮಗೆ ಸಿಗುವುದು 280 ಪಿಕ್ಸೆಲ್ ಉದ್ದದ ಹಕ್ಕಿ. ಅದನ್ನು ಕ್ರಾಪ್ ಮಾಡಿ, ಪರದೆ ತುಂಬ ಹಿಗ್ಗಿಸಿ, "ಗರಿಯ ಎಳೆ ಕಾಣ್ತಿಲ್ಲ, ಲೆನ್ಸ್ ಸಾಫ್ಟ್" ಅಂದರೆ ಲೆನ್ಸ್ ಏನು ಮಾಡಬೇಕು ಪಾಪ? ಅದೇ ಹಕ್ಕಿ ಮೂವತ್ತು ಮೀಟರ್‌ನಲ್ಲಿದ್ದರೆ ಒಂಬೈನೂರು ಪಿಕ್ಸೆಲ್. ಆಗ ಗರಿಯ ಮಾತು ಆಡಬಹುದು. ಅರ್ಧಕ್ಕರ್ಧ ಲೆನ್ಸ್ ದೂರುಗಳು ಇಲ್ಲೇ ಮುಗಿಯುತ್ತವೆ ಅಂತ ನನ್ನ ಅನುಭವ. ಸಾಫ್ಟ್ ಆಗಿದ್ದು ಲೆನ್ಸಲ್ಲ, ಹಕ್ಕಿ ದೂರ ಇತ್ತು ಅಷ್ಟೇ.

ಇನ್ನು ಗಾಳಿ. ಬೇಸಿಗೆಯಲ್ಲಿ ಟಾರ್ ರಸ್ತೆ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತದಲ್ಲ, ಬಿಸಿಲ್ಗುದುರೆ, ಅದು ಕಣ್ಣಿಗೇ ಕಾಣುವಷ್ಟು ದೊಡ್ಡದು. ಅದರ ಮರಿಗಳು ಎಲ್ಲ ಕಡೆ ಇವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಬೆಳಕನ್ನು ಬಗ್ಗಿಸುವ ಗುಣ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು ಬದಲಾಗುತ್ತದೆ. ಏನು ಮಹಾ ಅನ್ನಿಸುತ್ತದೆ. ಆದರೆ ನೀವು ಒಂದು ಕಿಲೋಮೀಟರ್ ಆಚೆಯ ಒಂದು ಸೆಂಟಿಮೀಟರನ್ನು ಒಂದು ಪಿಕ್ಸೆಲ್‌ನಲ್ಲಿ ಹಿಡಿಯಲು ಹೊರಟವರು. ಬೆಳಕು ಅಷ್ಟು ದೂರ ಬರುವಾಗ ಬಿಸಿ ಗಾಳಿ, ತಣ್ಣನೆ ಗಾಳಿ ಅಂತ ನೂರಾರು ಗುಳ್ಳೆಗಳನ್ನು ದಾಟಬೇಕು. ಒಂದೊಂದು ಗುಳ್ಳೆಯೂ ಒಂದು ಕೆಟ್ಟ ಲೆನ್ಸು. ನಿಮ್ಮ ಲಕ್ಷಾಂತರ ರೂಪಾಯಿಯ ಲೆನ್ಸಿನ ಮುಂದೆ ಪುಕ್ಕಟೆಯಾಗಿ ನೂರು ಕಳಪೆ ಲೆನ್ಸು.

ತುಮಕೂರು ಜಿಲ್ಲೆಯ ಮೈದನಹಳ್ಳಿಗೆ ಹೋದವರು ಇದ್ದೀರಿ ಅಲ್ವಾ? ಕೃಷ್ಣಮೃಗಗಳ ಬಯಲು. ಬೆಳಿಗ್ಗೆ ಆರೂವರೆಗೆ ತೆಗೆದ ಗಂಡು ಜಿಂಕೆಯ ಕೊಂಬಿನ ತಿರುಪು ಒಂದೊಂದಾಗಿ ಎಣಿಸಬಹುದು. ಒಂಬತ್ತೂವರೆಗೆ ಅಷ್ಟೇ ದೂರದಲ್ಲಿ ನಿಂತ ಅದೇ ಜಿಂಕೆಯ ಕಾಲು ಕರಗಿದ ಮೇಣದ ಹಾಗೆ. ಇದರಲ್ಲಿ ಒಂದು ತಮಾಷೆ ಇದೆ. ಜಿಂಕೆಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ನೆಲಕ್ಕೆ ಮಲಗಿ ತೆಗೆಯಬೇಕು ಅಂತ ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಚಿತ್ರ ಚೆಂದ ಬರುತ್ತದೆ, ನಿಜ. ಆದರೆ ಗಾಳಿ ಎಲ್ಲಕ್ಕಿಂತ ಹೆಚ್ಚು ಕುದಿಯುವುದು ನೆಲದಿಂದ ಎರಡು ಮೂರು ಅಡಿಯೊಳಗೆ. ಬಿಸಿಲೇರಿದ ಮೇಲೆ ಮಲಗಿದರೆ ನೀವು ಆ ಕುದಿಯೊಳಗೇ ಇಣುಕುತ್ತಿದ್ದೀರಿ. ಆಗ ಎದ್ದು ನಿಲ್ಲಿ. ಇಲ್ಲವೇ ಕ್ಯಾಮೆರಾ ಚೀಲಕ್ಕೆ ಹಾಕಿ.

ಇದು ಬಯಲುಸೀಮೆಯ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ನನ್ನ ಅಕ್ಕನ ಮಗ ಕೆನಡಾದಲ್ಲಿದ್ದಾನೆ. ಹಿಮಗೂಬೆಯ ಫೋಟೊ ಕಳಿಸಿದ, ಎಲ್ಲ ಮಸುಕು. "ಗಾಳಿ ನೋಡು" ಅಂದೆ. "ಮಾಮ, ಇಲ್ಲಿ ಮೈನಸ್ ಹದಿನೈದು, ಬಿಸಿಲ್ಗುದುರೆ ಎಲ್ಲಿಂದ ಬರಬೇಕು?" ಅಂದ. ಹೇಗೆ ತೆಗೆದೆ ಅಂತ ಕೇಳಿದೆ. ಕಾರಿನ ಹೀಟರ್ ಹಾಕಿಕೊಂಡು, ಕಿಟಕಿ ಇಳಿಸಿ, ಒಳಗಿಂದಲೇ. ಒಳಗಿನ ಬಿಸಿ ಗಾಳಿ ಕಿಟಕಿಯಿಂದ ಹೊರಗೆ ಹರಿಯುತ್ತಿದೆ, ಲೆನ್ಸ್ ಆ ಹೊಳೆಯ ಮಧ್ಯೆ ಕೂತಿದೆ! ಹೀಟರ್ ಆರಿಸಿ, ಎಲ್ಲ ಕಿಟಕಿ ತೆಗೆದು ಹತ್ತು ನಿಮಿಷ ನಡುಗುತ್ತ ಕೂತ ಮೇಲೆ ಅದೇ ಲೆನ್ಸ್ ಸರಿಹೋಯಿತು. ನಮ್ಮಲ್ಲಿ ಇದು ತಿರುಗಾಮುರುಗಾ. ಎಸಿ ಕಾರಿನಿಂದ ತೆಗೆಯುತ್ತೇವೆ. ಇಲ್ಲವೇ ಜೀಪಿನ ಕಾದ ಬಾನೆಟ್ ಮೇಲಿಂದ ಹಾಯಿಸಿ ತೆಗೆಯುತ್ತೇವೆ. ತಾರಸಿಯ ಕಾದ ಸಿಮೆಂಟಿನದೂ ಅದೇ ಕಥೆ. ನನ್ನ ಆ ಎರಡು ಭಾನುವಾರಗಳಲ್ಲಿ ಟ್ಯಾಂಕಿಗೂ ನಮಗೂ ನಡುವೆ ಇದ್ದದ್ದು ಬರೀ ಶೀಟು, ತಾರಸಿ, ರಸ್ತೆ.

ಒಂದು ವ್ಯತ್ಯಾಸ ಮಾತ್ರ ಗುರುತಿಸಿಕೊಳ್ಳಿ. ಮಬ್ಬು ಬೇರೆ, ಕುದಿ ಬೇರೆ. ನಂದಿ ಬೆಟ್ಟದಿಂದ ಕೆಳಗೆ ನೋಡಿದರೆ ಎಲ್ಲ ಬಿಳಿಚಿಕೊಂಡು ಕಾಣುತ್ತದಲ್ಲ, ಅದು ಮಬ್ಬು. ಧೂಳು, ತೇವ. ಅದು ಕಪ್ಪನ್ನು ಬೂದು ಮಾಡುತ್ತದೆ, ಆದರೆ ಗೆರೆಯನ್ನು ಗೆರೆಯಾಗಿಯೇ ಬಿಡುತ್ತದೆ. ಸಾಫ್ಟ್‌ವೇರಿನಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಒಂದು ಮಟ್ಟಿಗೆ ವಾಪಸ್ ಬರುತ್ತದೆ. ಕುದಿ ಹಾಗಲ್ಲ, ಗೆರೆಯನ್ನೇ ಕಲಸಿಬಿಡುತ್ತದೆ. ಸ್ಲೈಡರ್ ಎಷ್ಟು ಎಳೆದರೂ ಹೋದದ್ದು ಹೋಯಿತು.

ಸರಿ, ಹಾಗಾದರೆ ಚಿತ್ರ ನೋಡಿ ತಪ್ಪು ಯಾರದು ಅಂತ ಹೇಗೆ ಹೇಳುವುದು? ನಾನು ಮಾಡುವುದು ಇಷ್ಟು. ಒಂದು ಫೋಟೊ ನೋಡಿ ತೀರ್ಪು ಕೊಡುವುದೇ ಇಲ್ಲ. ಒಂದೇ ವಸ್ತುವಿನ ಹತ್ತು ಫೋಟೊ ತೆಗೆಯುತ್ತೇನೆ, ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಫೋಕಸ್ ಮಾಡಿ. ಆಮೇಲೆ ಹತ್ತನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುತ್ತೇನೆ. ಹತ್ತೂ ಬೇರೆ ಬೇರೆ ಥರ ಇವೆಯಾ? ಒಂದು ಪರವಾಗಿಲ್ಲ, ಒಂದು ಹೊಲಸು, ಇನ್ನೊಂದು ಅದ್ಭುತ? ಹಾಗಿದ್ದರೆ ಲೆನ್ಸಿನ ಗಾಜಿನ ಮೇಲೆ ಅನುಮಾನ ಬೇಡ. ಗಾಜು ಕ್ಷಣಕ್ಕೊಂದು ಥರ ಬದಲಾಗುವುದಿಲ್ಲ. ಹತ್ತರಲ್ಲಿ ಒಂದು ಅದ್ಭುತವಾಗಿ ಬಂದಿದೆ ಅಂದರೆ ಲೆನ್ಸಿಗೆ ಅಷ್ಟು ತಾಕತ್ತು ಇದೆ ಅಂತಲೇ ಅರ್ಥ. ಉಳಿದ ಒಂಬತ್ತು ಬೇರೆ ಯಾರದೋ ತಪ್ಪು. ಪರೀಕ್ಷೆಯಲ್ಲಿ ಹುಡುಗರ ಸರಾಸರಿ ಅಂಕ ನೋಡುತ್ತೇವೆ. ಲೆನ್ಸಿನದು ಮಾತ್ರ ಅತಿ ಹೆಚ್ಚು ಬಂದ ಅಂಕವನ್ನೇ ನೋಡಬೇಕು.

ಗಾಳಿ ಕೆಡಿಸಿದ ಚಿತ್ರಕ್ಕೆ ಒಂದು ಗುರುತಿದೆ. ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕದ ಜಾಗಗಳೇ ಬೇರೆ ಬೇರೆಯಾಗಿ ಕೆಟ್ಟಿರುತ್ತವೆ. ಹಕ್ಕಿಯ ತಲೆ ಸರಿ, ಹೊಟ್ಟೆ ಕಲಸು. ನೆಟ್ಟಗಿರುವ ಕಂಬದ ಅಂಚು ಅಲೆಅಲೆಯಾಗಿ ಇರುತ್ತದೆ. ಸುಮ್ನೆ ಲೈವ್ ವ್ಯೂ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ ದೃಶ್ಯ ನೋಡುವುದು) ಹಾಕಿ, ಹತ್ತು ಪಟ್ಟು ಹಿಗ್ಗಿಸಿ, ದೂರದ ಕರೆಂಟ್ ತಂತಿ ನೋಡಿ. ತಂತಿ ಹಾವಿನ ಹಾಗೆ ಹರಿದಾಡುತ್ತಿದ್ದರೆ ಆವತ್ತು ಲೆನ್ಸ್ ಪರೀಕ್ಷೆ ಇಲ್ಲ, ರಜಾ.

ಕೈ ಅಲುಗಿದ್ದರೆ ಚೌಕಟ್ಟಿನ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಎಳೆದಿರುತ್ತವೆ. ಎಲೆ ಮೇಲಿನ ನೀರ ಹನಿಯ ಹೊಳಪು ಚುಕ್ಕಿಯಾಗಿರದೆ ಅಲ್ಪವಿರಾಮ ಆಗಿರುತ್ತದೆ. ರಂಗನತಿಟ್ಟಿನ ದೋಣಿಯಿಂದ ತೆಗೆದ ಚಿತ್ರಗಳಲ್ಲಿ ಇದು ಧಾರಾಳ. ದೋಣಿ ತೇಲುತ್ತಿದೆ, ಪಕ್ಕದವರು ಮೊಸಳೆ ನೋಡಲು ಎದ್ದಿದ್ದಾರೆ, ಹೆಜ್ಜಾರ್ಲೆ ಹಾರುತ್ತಿದೆ, ನೀವು 1/250 ಸೆಕೆಂಡಿನ ಶಟರಿನಲ್ಲಿ 600 ಎಂಎಂ ಹಿಡಿದಿದ್ದೀರಿ, ಇಷ್ಟು ಉದ್ದ ಲೆನ್ಸಿಗೆ ಅದು ನಿಧಾನ. ಆ ಚಿತ್ರ ತಂದು "ಲೆನ್ಸ್ ನೋಡಿ ಸರ್" ಅಂದರೆ ನಾನು ನೋಡುವುದಿಲ್ಲ.

ಫೋಕಸ್ ತಪ್ಪಿದ್ದರೆ ಇನ್ನೂ ಸುಲಭ. ಹಕ್ಕಿ ಮಸುಕು, ಆದರೆ ಅದರ ಹಿಂದಿನ ಕಡ್ಡಿಯೋ ಮುಂದಿನ ಹುಲ್ಲೋ ಗರಿಗರಿಯಾಗಿ ಬಂದಿರುತ್ತದೆ. ಎಲ್ಲೋ ಒಂದು ಕಡೆ ಶಾರ್ಪ್ ಇದೆ ಅಂದರೆ ಲೆನ್ಸ್ ಕೆಲಸ ಮಾಡಿದೆ, ತಪ್ಪು ಜಾಗದಲ್ಲಿ ಮಾಡಿದೆ. 600 ಎಂಎಂ, ಎಫ್ 6.3 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಏರಿದಷ್ಟೂ ಕಿಂಡಿ ಕಿರಿದು), ಇಪ್ಪತ್ತು ಮೀಟರ್ ದೂರ ಅಂದರೆ ಫೋಕಸ್ ಸಿಗುವ ಆಳ ಒಂದು ಒಂದೂವರೆ ಅಡಿ ಅಷ್ಟೇ, ಅದೂ ಉದಾರವಾಗಿ ಲೆಕ್ಕ ಹಾಕಿದರೆ. ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದವರಿಗೆ ಇಲ್ಲಿ ಒಂದು ತೊಂದರೆ ಜಾಸ್ತಿ. ಅದರಲ್ಲಿ ಫೋಕಸ್ ಅಳೆಯುವ ಜಾಗ ಬೇರೆ, ಚಿತ್ರ ಬೀಳುವ ಜಾಗ ಬೇರೆ. ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದರೆ ಎಲ್ಲ ಚಿತ್ರದಲ್ಲೂ ಫೋಕಸ್ ಹಿಂದೆ ಅಥವಾ ಮುಂದೆ ಹೋಗುತ್ತದೆ. ಲೈವ್ ವ್ಯೂನಲ್ಲಿ ತೆಗೆದಾಗ ಶಾರ್ಪ್, ವ್ಯೂಫೈಂಡರ್‌ನಲ್ಲಿ ನೋಡಿ ತೆಗೆದಾಗ ಸಾಫ್ಟ್ ಆದರೆ ಇದೇ ಕಾರಣ. ಮೆನುವಿನಲ್ಲಿ ತಿದ್ದಬಹುದು. ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಸೆನ್ಸರ್ ಮೇಲೇ ಫೋಕಸ್ ಅಳೆಯುತ್ತದೆ, ಆದ್ದರಿಂದ ಈ ರಗಳೆ ಇಲ್ಲ.

ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದು ಲೆನ್ಸಿನ ಪಾಲು. ಅದರ ಗುರುತು ಹಟಮಾರಿತನ. ಒಂದು ಗೋಡೆಯ ಹತ್ತು ಚಿತ್ರ ತೆಗೆದರೆ ಹತ್ತರಲ್ಲೂ ಅದೇ ಮೂಲೆ ಸಾಫ್ಟ್. ಕ್ಯಾಮೆರಾ ತಲೆಕೆಳಗೆ ಮಾಡಿ ತೆಗೆದರೂ ಆ ಸಾಫ್ಟು ಗೋಡೆಯ ಜೊತೆ ಉಳಿಯುವುದಿಲ್ಲ, ಕ್ಯಾಮೆರಾದ ಜೊತೆ ತಿರುಗುತ್ತದೆ. ಒಳಗಿನ ಯಾವುದೋ ಗಾಜು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಒಂದೇ ಮಾಡೆಲಿನ ಎರಡು ಲೆನ್ಸ್ ಒಂದೇ ಥರ ಇರುವುದಿಲ್ಲ, ಇದು ಅದಕ್ಕೊಂದು ಕಾರಣ. ಇಲ್ಲವೇ, ಬಿಳಿ ಆಕಾಶದೆದುರು ಒಣ ಕೊಂಬೆ ತೆಗೆದಾಗ ಅಂಚಿಗೆ ನೇರಳೆ ಗೆರೆ. ಪೂರ್ತಿ ತೆರೆದಾಗ ಬೆಳ್ಳಕ್ಕಿಯ ಸುತ್ತ ಹೊಗೆಯಂಥ ಪ್ರಭಾವಳಿ, ಎಫ್ 8ಕ್ಕೆ ಹೋದರೆ ಮಾಯ. ಇವು ಲೆನ್ಸಿನವು. ಇವನ್ನು ಬೈಯಬಹುದು. ಆದರೆ ಬೈಯುವ ಮುಂಚೆ ಮುಂದೆ ಹಾಕಿರುವ ಅಗ್ಗದ ಯುವಿ ಫಿಲ್ಟರ್ ಬಿಚ್ಚಿ ಒಂದು ಸಲ ತೆಗೆಯಿರಿ. ಚಿಕ್ಕ ಲೆನ್ಸಿನಲ್ಲಿ ಗೊತ್ತೇ ಆಗದ ಗಾಜಿನ ಡೊಂಕು ಉದ್ದ ಲೆನ್ಸಿನಲ್ಲಿ ಎದ್ದು ಕಾಣುತ್ತದೆ.

ಈಗ ನನ್ನ ಪರೀಕ್ಷೆ. ಖರ್ಚು ಒಂದು ಹಳೆ ಕನ್ನಡ ಪೇಪರು. ಮೋಡ ಮುಸುಕಿದ ದಿನ, ಅಥವಾ ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ. ಮೂವತ್ತು ಮೀಟರ್ ದೂರದ ಕಾಂಪೌಂಡ್ ಗೋಡೆ, ನಡುವೆ ಹುಲ್ಲೋ ಮಣ್ಣೋ ಇದ್ದರೆ ಒಳ್ಳೆಯದು, ಟಾರ್ ರಸ್ತೆ ಬೇಡ. 600 ಎಂಎಂನಲ್ಲಿ ಸುಮಾರು ಆರು ಅಡಿ ಅಗಲದ ಗೋಡೆ ಸಿಗುತ್ತದೆ. ನಡುವೆ ಒಂದು ಮಡಿಸಿದ ಹಾಳೆ, ನಾಲ್ಕು ಮೂಲೆಗೆ ನಾಲ್ಕು. ಟ್ರೈಪಾಡು, ಎರಡು ಸೆಕೆಂಡಿನ ಟೈಮರು, ವೇಗದ ಶಟರ್.

ಕನ್ನಡ ಪೇಪರೇ ಯಾಕೆ ಅಂದರೆ, ನಮ್ಮ ಲಿಪಿಗಿಂತ ಒಳ್ಳೆಯ ಲೆನ್ಸ್ ಚಾರ್ಟ್ (ಲೆನ್ಸ್ ಪರೀಕ್ಷಿಸುವ ಗೆರೆಗಳ ಹಾಳೆ) ನಾನು ಕಂಡಿಲ್ಲ. ದ, ಧ, ಥ ನೋಡಿ. ಮೂರರ ಮೈಯೂ ಒಂದೇ. ಧಕ್ಕೆ ಕೆಳಗೊಂದು ಸೀಳು, ಥಕ್ಕೆ ಹೊಟ್ಟೆಯೊಳಗೊಂದು ಚುಕ್ಕಿ. ಪ ಮತ್ತು ಷ, ಒಳಗಿನ ಒಂದು ಗೆರೆಯ ವ್ಯತ್ಯಾಸ. ಬ ಮತ್ತು ಭ. ಮೂವತ್ತು ಮೀಟರ್‌ನಲ್ಲಿ ಒಂದು ಪಿಕ್ಸೆಲ್‌ಗೆ 0.3 ಎಂಎಂ. ಸುದ್ದಿಯ ಸಣ್ಣ ಅಕ್ಷರ ಎರಡೂವರೆ ಎಂಎಂ ಅಂದುಕೊಂಡರೆ ಎಂಟು ಪಿಕ್ಸೆಲ್. ಅದರ ಒಳಗಿನ ಚುಕ್ಕಿ ಒಂದು ಪಿಕ್ಸೆಲ್ ಆಸುಪಾಸು, ಅದು ಕಾಣದಿದ್ದರೆ ಬೇಜಾರಿಲ್ಲ. ಆದರೆ ಸ್ವಲ್ಪ ದೊಡ್ಡ ಅಕ್ಷರದ ಉಪಶೀರ್ಷಿಕೆಯಲ್ಲಿ ಥ ಮತ್ತು ಧ ಬೇರೆಯಾಗಿ ಕಾಣಲೇಬೇಕು. ಒಂದು ಎಚ್ಚರ, ಸುದ್ದಿ ಮೊದಲೇ ಓದಿರಬಾರದು. ಓದಿದ್ದರೆ ಕಣ್ಣಿಗೆ ಕಾಣದ್ದನ್ನೂ ಮನಸ್ಸು ಓದಿಬಿಡುತ್ತದೆ. ಪೇಪರ್ ಅಂಟಿಸಲು ನಾನು ನನ್ನ ಹೆಂಡತಿಗೆ ಹೇಳುತ್ತೇನೆ. ಯಾವ ಪುಟ ಅಂತ ಕೇಳುವುದಿಲ್ಲ. ಬೆಳಗಾಗೆದ್ದು ಗೋಡೆಗೆ ಪೇಪರ್ ಅಂಟಿಸುವ ಸಂಸಾರದ ಬಗ್ಗೆ ಅಕ್ಕಪಕ್ಕದವರು ಏನೆಂದುಕೊಂಡಿದ್ದಾರೋ ಗೊತ್ತಿಲ್ಲ.

ಎಫ್ 6.3, 8, 11, 16 ನಾಲ್ಕರಲ್ಲೂ ತೆಗೆಯಿರಿ. ಸಾಮಾನ್ಯ ಜೂಮ್‌ಗಳು ಎಂಟಕ್ಕೆ ಸ್ವಲ್ಪ ಚುರುಕಾಗುತ್ತವೆ. ಹದಿನಾರಕ್ಕೆ ಮತ್ತೆ ಮೆತ್ತಗಾಗುತ್ತವೆ, ಎಷ್ಟೇ ದುಬಾರಿ ಲೆನ್ಸ್ ಆಗಲಿ. ಕಿರಿದಾದ ಕಿಂಡಿ ದಾಟುವಾಗ ಬೆಳಕು ಹರಡುತ್ತದೆ, ಒಂದು ಬಿಂದು ಸುಮಾರು 21 ಮೈಕ್ರಾನ್ ಅಗಲದ ಬಿಲ್ಲೆಯಾಗುತ್ತದೆ. ನಿಮ್ಮ ಪಿಕ್ಸೆಲ್ ಇರುವುದು ಆರು ಮೈಕ್ರಾನ್. ಎಫ್ 8ರಲ್ಲಿ ಆ ಬಿಲ್ಲೆ ಹತ್ತೂ ಮುಕ್ಕಾಲು ಮೈಕ್ರಾನಿನ ಹತ್ತಿರ. ಇದು ಕಂಪನಿಯ ತಪ್ಪಲ್ಲ, ಬೆಳಕಿನ ಸ್ವಭಾವ.

ಆದರೆ ನನ್ನ ಮಟ್ಟಿಗೆ ಮುಖ್ಯವಾದದ್ದು ಪೂರ್ತಿ ತೆರೆದಾಗಿನ ಚಿತ್ರವೇ. ಮಲೆನಾಡಿನ ಮಳೆಗಾಲದಲ್ಲಿ, ಮರದ ನೆರಳಲ್ಲಿ ಕೂತ ಹಕ್ಕಿಗೆ ಎಫ್ 8 ಕೊಡುವ ಐಷಾರಾಮ ಯಾರಿಗಿದೆ? ಎಂಟಕ್ಕೆ ಹೋದರೆ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಏರುತ್ತದೆ, ಗದ್ದಲ, ಅಂದರೆ ಚಿತ್ರದ ಮೇಲೆ ಮರಳು ಚೆಲ್ಲಿದಂಥ ಚುಕ್ಕಿ, ಏರುತ್ತದೆ, ಗದ್ದಲ ಅಳಿಸುವ ಸಾಫ್ಟ್‌ವೇರು ಗರಿಯನ್ನೂ ಜೊತೆಗೆ ಅಳಿಸುತ್ತದೆ. ಪೂರ್ತಿ ತೆರೆದಾಗ ಕೆಲಸಕ್ಕೆ ಬರದ ಟೆಲಿ ಲೆನ್ಸ್ ನನ್ನ ಲೆಕ್ಕದಲ್ಲಿ ಅರ್ಧ ಲೆನ್ಸ್.

ಕಂಪನಿಯವರು ಕೊಡುವ ಎಂಟಿಎಫ್ ಗೆರೆಗಳ (ಲೆನ್ಸ್ ಎಷ್ಟು ಶಾರ್ಪ್ ಅಂತ ತೋರಿಸುವ ನಕ್ಷೆಯ) ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅವುಗಳಲ್ಲಿ ಹಲವು ಲೆಕ್ಕ ಹಾಕಿ ಬರೆದವು, ತಯಾರಾದ ಲೆನ್ಸನ್ನು ಅಳೆದು ಬರೆದವಲ್ಲ. ನಿಮ್ಮ ಕೈಗೆ ಬಂದ ಲೆನ್ಸಿನ ಜಾತಕ ಅದರಲ್ಲಿ ಇಲ್ಲ. ಇನ್ನು ಚಾರ್ಟ್ ಹಿಡಿದು ಮಾಡುವ ವಿಮರ್ಶೆಗಳು. ಮೂರಡಿ ಅಗಲದ ಚಾರ್ಟನ್ನು 600 ಎಂಎಂನಲ್ಲಿ ಚೌಕಟ್ಟು ತುಂಬಿಸಲು ಹದಿನೈದು ಹದಿನಾರು ಮೀಟರ್ ದೂರ ಸಾಕು. ಕೆಲವು ಜೂಮ್‌ಗಳು ಹತ್ತಿರ ಚುರುಕು, ದೂರಕ್ಕೆ ಮಂಕು. ಕೆಲವು ತಿರುಗಾ. ಒಳಗಿನ ಗಾಜುಗಳು ಫೋಕಸಿಗೆ ತಕ್ಕಂತೆ ಜಾಗ ಬದಲಿಸುತ್ತವೆ, ಅದಕ್ಕೆ. ಹಾಗಾಗಿ ಹದಿನೈದು ಮೀಟರಿನ ಅಂಕ ನೋಡಿ ಇನ್ನೂರು ಮೀಟರಿಗೆ ಲೆನ್ಸ್ ಕೊಳ್ಳಬೇಡಿ.

ಹಾಗಾದರೆ ನಿಜವಾದ ದೂರಕ್ಕೆ ಯಾವುದನ್ನು ನೋಡಿ ಪರೀಕ್ಷಿಸಬೇಕು? ಚಂದ್ರ. ನಾಲ್ಕು ಲಕ್ಷ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಆದರೆ ಹುಣ್ಣಿಮೆ ಬೇಡ. ಎಲ್ಲರೂ ತಪ್ಪುವುದು ಇಲ್ಲೇ. ಹುಣ್ಣಿಮೆಯ ಚಂದ್ರನಿಗೆ ನೆತ್ತಿಯ ಮೇಲೆ ಬಿಸಿಲು, ನೆರಳೇ ಇಲ್ಲ, ದೋಸೆಯ ಹಾಗೆ ಚಪ್ಪಟೆ. ಪಂಚಾಂಗ ನೋಡಿ ಶುಕ್ಲಪಕ್ಷದ ಅಷ್ಟಮಿಯಿಂದ ದಶಮಿಯೊಳಗೆ ತೆಗೆಯಿರಿ. ಸಂಜೆ ಕತ್ತಲಾಗುವ ಹೊತ್ತಿಗೆ ಚಂದ್ರ ಮೇಲೇರಿರುತ್ತಾನೆ. ಅದೂ ಲಾಭವೇ. ನೇರ ಮೇಲೆ ನೋಡಿದರೆ ದಾಟಬೇಕಾದ ಗಾಳಿ ಕಮ್ಮಿ, ದಿಗಂತದ ಹತ್ತಿರ ಬಹಳ ಜಾಸ್ತಿ. ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ಕುಳಿಗಳಿಗೆ ಉದ್ದ ನೆರಳು. ದಶಮಿಯ ಹೊತ್ತಿಗೆ ಕೋಪರ್ನಿಕಸ್ ಅನ್ನುವ ಕುಳಿ ಆ ಗೆರೆಯ ಹತ್ತಿರ ಬರುತ್ತದೆ, 93 ಕಿಲೋಮೀಟರ್ ಅಗಲ. ನಮ್ಮ ಅದೇ ಕ್ಯಾಮೆರಾ, ಅದೇ 600 ಎಂಎಂನಲ್ಲಿ ಅದು ಇಪ್ಪತ್ತನಾಲ್ಕು ಪಿಕ್ಸೆಲ್. ಅಂಚು ಒಂದು ಉಂಗುರದ ಹಾಗೆ ಸ್ಪಷ್ಟವಾಗಿ ಕಂಡರೆ ನಿಮ್ಮ ಲೆನ್ಸಿಗೆ ಏನೂ ಆಗಿಲ್ಲ. ಐಎಸ್‌ಒ 400, ಎಫ್ 8, 1/200ರಿಂದ ಶುರು ಮಾಡಿ. ತುಂಬ ನಿಧಾನ ಮಾಡಬೇಡಿ, ಚಂದ್ರ ಈ ಲೆನ್ಸಿನಲ್ಲಿ ಸೆಕೆಂಡಿಗೆ ಏಳು ಪಿಕ್ಸೆಲ್ ಓಡುತ್ತಾನೆ. ಇಲ್ಲೂ ಒಂದಲ್ಲ, ಇಪ್ಪತ್ತು ಫೋಟೊ. ಮತ್ತೆ, ಬಿಸಿಲಿಗೆ ಕಾದ ತಾರಸಿ ಮೇಲೆ ನಿಲ್ಲಬೇಡಿ. ರಾತ್ರಿ ಒಂಬತ್ತಕ್ಕೂ ಅದು ಉಗುಳುತ್ತಲೇ ಇರುತ್ತದೆ.

ಒಬ್ಬರು ಕೇಳುತ್ತಿದ್ದಾರೆ, ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಮಾರುವವರು ಹತ್ತು ನಿಮಿಷ ಮಾತ್ರ ಕೊಟ್ಟರೆ ಏನು ನೋಡಬೇಕು ಅಂತ. ಚಂದ್ರನಿಗೆ ಕಾಯಲು ಆಗುವುದಿಲ್ಲ, ಪೇಪರ್ ಅಂಟಿಸಲೂ ಬಿಡುವುದಿಲ್ಲ. ಬೆಳಿಗ್ಗೆ ಬರುತ್ತೇನೆ ಅಂತ ಹೇಳಿ, ಮಧ್ಯಾಹ್ನ ಬೇಡ. ಬಾಗಿಲಿನಿಂದ ಹೊರಗೆ ಬನ್ನಿ, ಗಾಜಿನ ಕಿಟಕಿ ಹಿಂದಿನಿಂದ ತೆಗೆಯಬೇಡಿ. ಎದುರಿನ ರಸ್ತೆಯಾಚೆ, ಇಪ್ಪತ್ತು ಮೂವತ್ತು ಮೀಟರಿನಲ್ಲಿ ಯಾವುದಾದರೂ ಅಂಗಡಿಯ ಬೋರ್ಡ್ ಇರುತ್ತದೆ. ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಫೋನ್ ನಂಬರ್ ಇರುತ್ತದಲ್ಲ, ಅದನ್ನು ಚೌಕಟ್ಟಿನ ನಡುವೆ, ಆಮೇಲೆ ನಾಲ್ಕು ಮೂಲೆಗೆ ತಂದು ಒಂದೊಂದರಲ್ಲಿ ನಾಲ್ಕು ಫೋಟೊ ತೆಗೆಯಿರಿ, ಪೂರ್ತಿ ತೆರೆದು. ಕಾರ್ಡ್ ನಿಮ್ಮದೇ ಹಾಕಿ. ಮನೆಗೆ ಹೋಗಿ ದೊಡ್ಡ ಪರದೆಯಲ್ಲಿ ನೋಡಿ, ನಾಲ್ಕು ಮೂಲೆಯ ನಂಬರೂ ಒಂದೇ ಮಟ್ಟಕ್ಕೆ ಓದಲು ಬಂದರೆ ಫೋನ್ ಮಾಡಿ. ಬೋರ್ಡಿನ ಅಂಗಡಿಗಲ್ಲ, ಲೆನ್ಸ್ ಮಾರುವವರಿಗೆ.